ತೊಡೆಪಟ್ಟಿಗೆ ಹೊಲಿದ ಮೆತ್ತೆ

ಕೋಚ್ ಮೇಡಂ ಬಂಡೆ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಎಂಟು ಹಾರ್ನೆಸ್‌ಗಳನ್ನು ಚೀಲದಿಂದ ನನ್ನ ಕತ್ತರಿ ಮೇಜಿನ ಮೇಲೆ ಸುರಿದಾಗ ನಾನು ನಕ್ಕುಬಿಟ್ಟೆ. ಸಿಂಧನೂರಿನಲ್ಲಿ ತಾಡಪತ್ರಿ, ಟ್ರ್ಯಾಕ್ಟರ್ ಸೀಟು, ಶಾಲೆ ಚೀಲ ಹೊಲಿಯುವ ನನಗೆ ಪಟ್ಟಿ ಅಂದರೆ ನಾಲ್ಕು ಬೆರಳು ಅಗಲ ಇರಬೇಕು, ಎಮ್ಮೆ ಜಗ್ಗಿದರೂ ಅಲುಗಬಾರದು. ಇವು ಒಂದೊಂದೂ ನನ್ನ ಒಂದು ಕಾಲಿನ ಚಪ್ಪಲಿಯಷ್ಟೂ ಭಾರ ಇರಲಿಲ್ಲ.

“ಇದನ್ನ ಕಟ್ಕೊಂಡು ಗುಡ್ಡ ಹತ್ತತಾರೇನ್ರಿ ಮೇಡಂ? ಲಂಗದ ಲಾಡಿ ಇದಕ್ಕಿಂತ ದಪ್ಪ ಇರತೈತಿ,” ಅಂದೆ.

“ಒಂದು ಜೋಡಿ ಎತ್ತು ತೂಗು ಹಾಕಿದ್ರೂ ಹರಿಯಂಗಿಲ್ರಿ ಅಣ್ಣಾರ. ಅದರ ಫಿಕರ್ ಇಲ್ಲ. ಹುಡುಗೇರ ತೊಡಿ ಕೊರೀತೈತಿ. ಅದಕ್ಕ ಏನರ ಮಾಡ್ರಿ.”

ಮೇಡಂ ಲಿಂಗಸುಗೂರಿನವರು. ಮೂವತ್ತು ತುಂಬಿರಲಿಕ್ಕಿಲ್ಲ. ಉತ್ತರದ ಕಡೆ ಎಲ್ಲೋ ಬಂಡೆ ಹತ್ತುವ ತರಬೇತಿ ಮುಗಿಸಿಕೊಂಡು ಬಂದು, ಮಸ್ಕಿ ಗುಡ್ಡದಲ್ಲಿ ಪ್ರತಿ ಭಾನುವಾರ ಎಂಟು ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಎಲ್ಲರೂ ಸುತ್ತಲ ಹಳ್ಳಿಯವರು, ಕಾಲೇಜು ಇಲ್ಲದ ದಿನ ನಾಟಿಗೆ, ಕಳೆಗೆ ಹೋಗುವವರು. ಮೊದಲು ಇದ್ದ ಹಾರ್ನೆಸ್‌ಗಳು ಗಂಡಸರ ಅಳತೆಯವು, ಒದ್ದೆ ಗೋಣಿಚೀಲದಷ್ಟು ಭಾರ. ಬಸ್ಸಿನಲ್ಲಿ ಹೊತ್ತು ತರುವುದೇ ಒಂದು ಶಿಕ್ಷೆಯಾಗಿತ್ತಂತೆ. ಅದಕ್ಕೇ ಮೇಡಂ ಅಲ್ಲಿ ಇಲ್ಲಿ ಬೇಡಿ ಈ ಹಗುರದವುಗಳನ್ನು ತರಿಸಿದ್ದರು.

ಒಂದನ್ನು ತಿರುವಿ ನೋಡಿದೆ. ಸೊಂಟಕ್ಕೆ ಒಂದು ಪಟ್ಟಿ, ಎರಡು ತೊಡೆಗೆ ಬಳೆಯಂಥ ಎರಡು ಪಟ್ಟಿ, ಮುಂದೆ ಇವೆಲ್ಲ ಕೂಡುವ ಒಂದು ಕುಣಿಕೆ. ಹಗ್ಗ ಕಟ್ಟುವುದು ಮುಂದೆ. ತೂಕ ಇಳಿಸಲು ಮಾಡಿದ ಜಾಣತನ ತೊಡೆಪಟ್ಟಿಯಲ್ಲಿತ್ತು: ಭಾರ ಹೊರುವುದು ಅಂಚಿನ ಎರಡು ಕಿರಿದಾದ ನಾರುಪಟ್ಟಿ ಮಾತ್ರ, ನಡುವೆ ಬರೀ ಬಲೆಯಂಥ ಬಟ್ಟೆ. ಹೊಲಿಗೆ ನೋಡಿದರೆ ಕಣ್ಣಿಗೆ ಹಬ್ಬ. ನಾನು ಯಾರ ಹೊಲಿಗೆಯನ್ನೂ ಸುಮ್ಮಸುಮ್ಮನೆ ಹೊಗಳುವವನಲ್ಲ, ಇದನ್ನು ಹೊಗಳಿದೆ. ಆದರೆ ಹತ್ತು ನಿಮಿಷ ಹಗ್ಗದ ಮೇಲೆ ಕೂತರೆ ಆ ಅಂಚು ತೊಡೆಗೆ ಇಳಿಯುವುದು ಖಂಡಿತ ಎಂದು ಬೆರಳಿಟ್ಟಾಗಲೇ ಗೊತ್ತಾಯಿತು. ಮೂವರು ಹುಡುಗಿಯರು ಆಗಲೇ ಬರುವುದು ಬಿಟ್ಟಿದ್ದರು.

“ಈಕಿ ಒಬ್ಬಾಕಿ ಬಿಡಬಾರ್ದು ನೋಡ್ರಿ,” ಅಂದು ಮೇಡಂ ತಮ್ಮ ಜೊತೆ ಬಂದು ಪಕ್ಕದಲ್ಲಿ ನಿಂತವಳ ಹೆಗಲು ಹಿಡಿದರು.

ಗೊರೇಬಾಳದ ಹುಡುಗಿ. ಸಣ್ಣಗೆ, ಗಾಳಿ ಬಂದರೆ ಹಾರಿಹೋಗುವಂತಿದ್ದಳು. ಡಿಗ್ರಿ ಕೊನೆಯ ವರ್ಷ. ಸಂಕ್ರಾಂತಿ ಕಳೆದ ಮೇಲೆ ನಡೆಯುವ ತರಬೇತುದಾರರ ಕೋರ್ಸಿಗೆ ಮೇಡಂ ಅವಳ ಹೆಸರು ಕಳಿಸಿದ್ದರು, ಸೀಟೂ ಸಿಕ್ಕಿತ್ತು. ಅದು ಮುಗಿದರೆ ಮಸ್ಕಿಯಲ್ಲೇ ಮೇಡಂ ಜೊತೆ ಸಂಬಳದ ಮೇಲೆ ಕಲಿಸಬಹುದು. ಆದರೆ ಅಲ್ಲಿ ಗಂಟೆಗಟ್ಟಲೆ ಹಗ್ಗದ ಮೇಲೆ ಕೂತು ಕೆಲಸ ಮಾಡಬೇಕು. ಈ ಹುಡುಗಿಯ ಮೈಮೇಲೆ ಮಾಂಸವೇ ಇರಲಿಲ್ಲ, ಪಟ್ಟಿ ನೇರ ಎಲುಬಿಗೇ ತಾಗುತ್ತಿತ್ತು. ಹೀಗೇ ಆದರೆ ಕೋರ್ಸಿನ ಮೊದಲ ವಾರವೇ ವಾಪಸು ಕಳಿಸುತ್ತಾರೆ ಎಂದು ಮೇಡಂ ಹೆದರಿದ್ದರು.

“ನಾಟಿ ಹಚ್ಚೋದು ಒಂದು ತಪ್ಪಿದ್ರ ಸಾಕ್ರಿ ಅಣ್ಣಾ,” ಅಂದಳು ಹುಡುಗಿ. “ಕೆಸರಿನಾಗ ಬಗ್ಗಿ ಬಗ್ಗಿ ನೆಲಾ ನೋಡಿದ್ದು ಸಾಕಾಗೈತಿ. ಅಲ್ಲಿ ಮ್ಯಾಲ ನೋಡೋದು ಇರತೈತಿ.”

ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಅವ್ವ ಕೌದಿ ಹೊಲಿಯುತ್ತಾಳೆ. ಹಳೆ ಸೀರೆಗಳನ್ನು ಪದರ ಪದರ ಹಾಸಿ ಕೈಯಿಂದಲೇ ಗೀರು ಹೊಲಿಗೆ ಹಾಕುತ್ತಾಳೆ. ಜವಳಗೇರಾದಿಂದಲೂ ಸೀರೆ ಕೊಟ್ಟುಕಳಿಸುವವರಿದ್ದರು. ಹುಡುಗಿಯನ್ನು ಅವ್ವ ಒಳಗೆ ಕರೆದು ತೊಡೆ ನೋಡಿದಳು. ಹೊರಗೆ ಬಂದವಳೇ ನನ್ನ ಮೇಲೆ ಹರಿಹಾಯ್ದಳು.

“ಲೇ ತಮ್ಮಾ, ಕೂಸಿನ ತೊಡಿ ನೀಲಿಗಟ್ಟ್ಯಾವ. ನೀ ಇಲ್ಲಿ ಹಲ್ಲು ಕಿಸ್ಕೊಂಡು ಕುಂತೀಯಲ್ಲ!”

ನಗು ನಿಂತಿತು. ಅಳತೆಯನ್ನೂ ಅವ್ವನೇ ತೆಗೆದಳು, ಟೇಪಿನಲ್ಲಿ ಅಲ್ಲ, ದಾರದಲ್ಲಿ. ಸುತ್ತಳತೆಗೆ ಒಂದು ಗಂಟು, ನೋವಿರುವ ಜಾಗಕ್ಕೆ ಇನ್ನೊಂದು ಗಂಟು. ಆಮೇಲೆ ಅವಳನ್ನು ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಹುಡುಗಿ ನಾಚಿಕೆ ಬಿಟ್ಟು ಮೂರು ರೊಟ್ಟಿ ಉಂಡಳು. ಅವ್ವನಿಗೆ ಅವಳ ಮೇಲೆ ಜೀವ ಹುಟ್ಟಿದ್ದು ಆ ಮಧ್ಯಾಹ್ನವೇ.

ಮೇಡಂ ಹೋಗುವಾಗ ಎರಡು ಮಾತು ಹೇಳಿದರು. ಒಂದು, ಪಟ್ಟಿಯ ನಾರಿಗೆ ಸೂಜಿ ತಾಗಬಾರದು, ಒಂದೇ ಒಂದು ತೂತೂ ಬೇಡ. ಎರಡು, ಹಾಕಿದ ಮೆತ್ತೆಯನ್ನು ಬಿಚ್ಚಿ ಒಳಗಿನ ಪಟ್ಟಿ ನೋಡುವಂತಿರಬೇಕು. ಪ್ರತಿ ಸಲ ಹತ್ತುವ ಮುಂಚೆ ಕಣ್ಣಿನಿಂದ ನೋಡಿ ಬೆರಳಿನಿಂದ ಸವರಬೇಕು, ಅದು ಅವರ ನಿಯಮ. ನಾನು ತಲೆಯಾಡಿಸಿದೆ. ಹೊಲಿಗೆಯ ವಿಷಯದಲ್ಲಿ ನನಗೆ ಹೇಳಿಕೊಡಲು ಬಂದವರಿಗೆ ನಾನು ಸಾಮಾನ್ಯವಾಗಿ ಬಾಗಿಲು ತೋರಿಸುತ್ತೇನೆ. ಅವತ್ತು ತೋರಿಸಲಿಲ್ಲ.

ಮೊದಲು ಸೀಟಿಗೆ ಹಾಕುವ ಸ್ಪಂಜು ಕತ್ತರಿಸಿ, ರೆಕ್ಸಿನ್ ಹೊದಿಸಿ ಗವಸು ಮಾಡಿದೆ. ನೋಡಲು ಚೆಂದ. ಮಸ್ಕಿಯ ಬಿಸಿಲಲ್ಲಿ ಅರ್ಧ ಗಂಟೆಗೆ ಬೆವರು ಕುಡಿದು, ಭಾರ ಬಿದ್ದ ಕಡೆ ಚಪ್ಪಟೆಯಾಗಿ, ಅಂಚು ಮತ್ತೆ ಹೊರಬಂತು. ಎರಡನೆಯದಕ್ಕೆ ಉಣ್ಣೆ ಒತ್ತಿ ಮಾಡಿದ ಗಟ್ಟಿ ನಮದೆ ಹಾಕಿದೆ. ಅದು ಮಡಚಲಿಲ್ಲ; ಕಾಲು ಎತ್ತಿ ಮೇಲಿನ ಹಿಡಿಗೆ ಇಡುವಾಗ ತೊಡೆಸಂದಿಗೆ ಚುಚ್ಚಿತು. ಮೂರನೆಯದು ಜಾರಿ ತಿರುಗಿ ಬಕಲ್ ಮೇಲೆ ಕೂತಿತು. ಬಕಲ್ ಮುಚ್ಚಿದರೆ ಪಟ್ಟಿ ಬಿಗಿಯಾಗಿದೆಯೋ ಇಲ್ಲವೋ ಕಾಣುವುದಿಲ್ಲ ಎಂದು ಮೇಡಂ ಅದನ್ನು ಅಲ್ಲೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮೂರು ಭಾನುವಾರ ಹೋಯಿತು. ಪ್ರತಿ ಸಲ ಮಸ್ಕಿ ಬಸ್ಸಿನಲ್ಲಿ ವಾಪಸು ಬರುವಾಗ, ನನ್ನ ಕೈಕೆಲಸ ಒಂದು ಹುಡುಗಿಯ ತೊಡೆ ಕಾಯಲಾರದಾಯಿತಲ್ಲ ಎಂದು ಉರಿದುಹೋಗುತ್ತಿದ್ದೆ.

ದಾರಿ ತೋರಿಸಿದವಳು ಅವ್ವ. “ಸ್ಪಂಜು ಗಿಂಜು ಬಿಡು. ಕೌದಿ ಮ್ಯಾಲ ಮಲಗಿದವರ ಮೈಗೆ ಎಂದರ ಗೀರು ಮೂಡ್ಯಾವೇನು?” ಅಂದಳು.

ಹೌದಲ್ಲ ಅನ್ನಿಸಿತು. ತೊಳೆದು ತೊಳೆದು ಮೆತ್ತಗಾದ ನೂಲಿನ ಸೀರೆ ಆರು ಪದರ, ಹತ್ತಿರ ಹತ್ತಿರ ಗೀರು ಹೊಲಿಗೆ. ಹೊಲಿಗೆಯ ಸಾಲುಗಳು ಪದರಗಳನ್ನು ಸರಿದಾಡಲು ಬಿಡುವುದಿಲ್ಲ, ನಡುವೆ ಗಾಳಿಯಾಡುತ್ತದೆ, ಬೆವರು ಬೇಗ ಆರುತ್ತದೆ. ಹೊರಗಡೆ, ಬಂಡೆಗೆ ಉಜ್ಜುವ ಬದಿಗೆ ಮಾತ್ರ ನಾನು ಚೀಲಕ್ಕೆ ಬಳಸುವ ಗಟ್ಟಿ ಬಟ್ಟೆ ಕೊಟ್ಟೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಎರಡೂ ತೊಡೆಯದು ಸೇರಿ ಒಂದು ಹಿಡಿ ಅಕ್ಕಿಯಷ್ಟೂ ಭಾರ ಬರಲಿಲ್ಲ. ಪಟ್ಟಿಯ ಸುತ್ತ ಗವಸಿನಂತೆ ಸುತ್ತಿ, ಅಂಚಿಗೆ ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಹಚ್ಚಿದೆ. ಸೂಜಿ ಎಲ್ಲೂ ನಾರಿಗೆ ಸೋಂಕಲಿಲ್ಲ. ಬೇಕಾದಾಗ ಪರ್ ಅಂತ ಬಿಚ್ಚಬಹುದು, ಒಳಗೆ ನೋಡಬಹುದು.

ಆ ಭಾನುವಾರ ಗೊರೇಬಾಳದ ಹುಡುಗಿ ಇಪ್ಪತ್ತೈದು ನಿಮಿಷ ಹಗ್ಗದ ಮೇಲೆ ಕೂತಳು. ಕೆಳಗಿಳಿದು ನನ್ನ ಹತ್ತಿರ ಬಂದು, “ಅಣ್ಣಾ, ಜೋಲಿಯೊಳಗ ಕುಂತಂಗ ಐತ್ರಿ,” ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ಅದನ್ನು ಹೇಳಿದೆ.

ಅಲ್ಲಿಗೇ ಬಿಟ್ಟಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಇರುತ್ತಿರಲಿಲ್ಲ.

ಎಂಟಕ್ಕೂ ಅದೇ ಮೆತ್ತೆ ಹಾಕಿಕೊಟ್ಟಿದ್ದೆ. ವೆಲ್ಕ್ರೋದಲ್ಲಿ ಬಂಡೆಯ ಮರಳು, ಒಣಹುಲ್ಲಿನ ಮುಳ್ಳು ಸೇರಿಕೊಂಡವು. ಎರಡು ವಾರಕ್ಕೆ ಹಿಡಿತ ಸಡಿಲಾಯಿತು, ಅದರ ಒರಟು ಅಂಚು ತೊಡೆಯ ಒಳಬದಿಯನ್ನು ತರಚತೊಡಗಿತು. ಹುಡುಗಿಯರು ಹೇಳಲಾರದೆ ಹೇಳಿದರು. ನಾನು ಮೇಡಂಗೆ ಫೋನು ಮಾಡಿ, “ವೆಲ್ಕ್ರೋ ತೆಗೆದು ಅವ್ವನ ಕೈಲೆ ಮುಚ್ಚಿ ಹೊಲಿಸಿಬಿಡತೀನ್ರಿ. ಗವಸಿನ ಅಂಚಿಗೆ ಅಂಚು. ಬೆಣ್ಣಿ ಇದ್ದಂಗ ಇರತೈತಿ,” ಅಂದೆ.

“ಒಳಗ ನೋಡೋದು ಹ್ಯಾಂಗ್ರಿ?”

“ತಿಂಗಳಿಗೊಮ್ಮಿ ನಾನೇ ಬಂದು ಬಿಚ್ಚತೀನಿ. ಪಟ್ಟಿ ಮೆತ್ತಿಯೊಳಗ ಐತಿ, ಬಂಡಿಗೆ ತಾಗಂಗಿಲ್ಲ, ಬಿಸಿಲು ಬೀಳಂಗಿಲ್ಲ. ಸವೆಯೋದು ಎಲ್ಲಿಂದ್ರಿ?”

ತಮ್ಮ ನಿಯಮಕ್ಕೆ ಇದು ವಿರುದ್ಧ ಅಂತ ಮೇಡಂಗೆ ಗೊತ್ತಿತ್ತು. ಆದರೆ ಬಿಟ್ಟುಹೋದ ಮೂವರೂ ಮತ್ತೆ ಬಂದಿದ್ದರು, ಕೋರ್ಸಿಗೆ ದಿನ ಸಮೀಪಿಸುತ್ತಿತ್ತು. ಕೊನೆಗೆ, “ತಿಂಗಳು ತಪ್ಪಿಸಬ್ಯಾಡ್ರಿ ಮತ್ತ,” ಅಂದರು. ನಾನು ಮಾತು ಕೊಟ್ಟೆ.

ನಮ್ಮವ್ವನದೊಂದು ರೂಢಿ ಇದೆ. ಅವಳ ಅವ್ವನಿಂದ ಬಂದದ್ದು. ಕೌದಿ ಮುಗಿಸುವಾಗ ಕೊನೆಯ ಮೂಲೆಯನ್ನು ಹೊಲಿಯುವ ಮೊದಲು, ಪದರದೊಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಮುಚ್ಚುತ್ತಾಳೆ. ಕೌದಿಗೆ ತುತ್ತು ಇಡುವುದು ಅನ್ನುತ್ತಾಳೆ. ಹೊದ್ದವರು ಹಸಿದು ಮಲಗಬಾರದು ಅಂತ. ಹೊಸ ಕೌದಿಯ ಮೂಲೆ ಒತ್ತಿ ಆ ತುತ್ತು ಹುಡುಕುವುದು ನಮ್ಮ ಮನೆಯ ಮಕ್ಕಳಿಗೆ ಒಂದು ಆಟ. ಗವಸುಗಳನ್ನು ಮುಚ್ಚಿ ಹೊಲಿಯಲು ಕೂತಾಗ ಅವ್ವ ಅದನ್ನೂ ಕೇಳಿದಳು.

“ಇವಕ್ಕೂ ಒಂದೊಂದು ತುತ್ತು ಇಡಲೇನೋ?”

“ಹುಚ್ಚೀ, ಇದೇನು ಕೌದಿ ಏನು? ಗಂಟು ಆಗಿ ಒತ್ತತೈತಿ. ಬ್ಯಾಡ,” ಅಂದೆ. ಅವ್ವ ಸೂಜಿ ಕೈಗೆತ್ತಿಕೊಂಡಳು.

ಎರಡು ದಿನದಲ್ಲಿ ಎಂಟೂ ಮುಗಿದವು. ಕಳಿಸುವ ಮೊದಲು ಒಂದೊಂದನ್ನೇ ಹಿಡಿದು ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದೆ. ಅದು ನನ್ನ ಪದ್ಧತಿ, ಕಣ್ಣು ತಪ್ಪಿಸಿದ್ದು ಬೆರಳಿಗೆ ಸಿಗುತ್ತದೆ. ಏಳು ನುಣುಪಾಗಿದ್ದವು. ಎಂಟನೆಯದರ ಎಡ ತೊಡೆಯ ಗವಸಿನಲ್ಲಿ, ಹಿಂಬದಿಯ ಮಡಿಕೆಯೊಳಗೆ, ಚಿಕ್ಕದೊಂದು ಗಂಟು ಬೆರಳಿಗೆ ಹತ್ತಿತು. ಅದು ಗೊರೇಬಾಳದ ಹುಡುಗಿಯದು. ಏನೆಂದು ಕೂಡಲೇ ಗೊತ್ತಾಯಿತು. ಅವ್ವನ ಕಡೆ ನೋಡಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ ನನ್ನ ಕಡೆ ನೋಡದೆ ಕೂತಿದ್ದಳು. ಹಿಂಬದಿಯಲ್ಲಿದೆ, ಒತ್ತುವುದಿಲ್ಲ. ಬಿಚ್ಚಿದರೆ ಮುದುಕಿಯ ಮನಸ್ಸು ನೋಯುತ್ತದೆ. ಇರಲಿ ಬಿಡು ಅಂದುಕೊಂಡು ಚೀಲಕ್ಕೆ ಹಾಕಿದೆ. ಇಲಿಯ ನೆನಪು ನನಗೆ ಬರಲೇ ಇಲ್ಲ. ಬತ್ತದ ಸೀಮೆಯಲ್ಲಿ ಹುಟ್ಟಿ ಬೆಳೆದವನು, ಅಂಗಡಿಯ ತಾಡಪತ್ರಿಗಳಿಗೆ ವರ್ಷವಿಡೀ ಇಲಿ ಪಾಷಾಣ ಇಡುವವನು ನಾನು. ಆದರೂ ಬರಲಿಲ್ಲ.

ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಹತ್ತಿರ ಮೇಡಂ ಒಂದು ಕೋಣೆ ಬಾಡಿಗೆಗೆ ಹಿಡಿದು, ಹಗ್ಗ ಹಾರ್ನೆಸ್ ಎಲ್ಲ ಅಲ್ಲೇ ಗೂಟಕ್ಕೆ ತೂಗುಹಾಕುತ್ತಿದ್ದರು. ಪಕ್ಕದ ಗೋಡೆಯಾಚೆ ಶೇಂಗಾ ಚೀಲ ತುಂಬಿಡುವ ಗೋದಾಮು.

ತಿಂಗಳು ತುಂಬುವ ಹೊತ್ತಿಗೆ ಬತ್ತದ ಕೊಯ್ಲು ಶುರುವಾಯಿತು. ಆ ವರ್ಷ ಕೊಯ್ಲಿನ ನಡುವೆ ಮೋಡ ಕಟ್ಟಿ ಮಳೆ ಹನಿಯತೊಡಗಿ, ರಸ್ತೆಯ ಮೇಲೆ ಬತ್ತ ಒಣಹಾಕಿದವರೆಲ್ಲ ತಾಡಪತ್ರಿಗೆ ನನ್ನ ಬಾಗಿಲಿಗೆ ಬಂದರು. ಟ್ರ್ಯಾಕ್ಟರ್ ನಿಲ್ಲಿಸಿಕೊಂಡೇ ಹೊಲಿಸಿಕೊಂಡು ಹೋಗುವವರು. ಮೇಡಂ ಫೋನು ಮಾಡಿದರು. “ಮುಂದಿನ ಐತವಾರ ಬರತೀನ್ರಿ,” ಅಂದೆ. ಮುಂದಿನ ವಾರ ಮತ್ತೆ ಫೋನು ಬಂತು. ಆಗಲೂ ಅದನ್ನೇ ಅಂದೆ. “ನಾವೇ ಬಿಚ್ಚಿ ನೋಡ್ಲೇನ್ರಿ?” ಅಂತ ಕೇಳಿದರು. “ಬ್ಯಾಡ್ರಿ, ಹೊಲಿಗಿ ಕೆಡಸತೀರಿ. ನನ್ನ ಕೆಲಸ ಐತಿ, ಏನೂ ಆಗಂಗಿಲ್ಲ,” ಅಂದೆ. ಆ ಕೊನೆಯ ಮಾತು ಸೊಕ್ಕಿನದು. ಇವತ್ತಿಗೂ ಅದು ನನ್ನ ಕಿವಿಯಲ್ಲೇ ಇದೆ.

ಅದರ ಮರು ಭಾನುವಾರ ಮಧ್ಯಾಹ್ನ ಮೇಡಂ ಫೋನು ಮಾಡಿದಾಗ ಮೊದಲು ಅವರ ದನಿಯೇ ಗುರುತು ಸಿಗಲಿಲ್ಲ.

ನಡೆದದ್ದು ಇಷ್ಟು. ಹುಡುಗಿ ಮೇಲಿನಿಂದ ಇಳಿಬಿಟ್ಟ ಹಗ್ಗ ಕಟ್ಟಿಕೊಂಡು ಹತ್ತಿದ್ದಳು. ಆ ತುದಿಯನ್ನು ಹತ್ತಾರು ಸಲ ಮುಟ್ಟಿದವಳೇ. ಕೊನೆಯ ಹಿಡಿಗೆ ಕೈ ಚಾಚಿದಾಗ ಕಾಲು ಜಾರಿತು. ಜಾರುವುದು ದಿನದ ಮಾತು. ಹಗ್ಗ ಹಿಡಿಯುತ್ತದೆ, ಹತ್ತುವವರು ಕುರ್ಚಿಯಲ್ಲಿ ಕೂತಂತೆ ಕೂರುತ್ತಾರೆ. ಮೇಡಂ ಕೆಳಗೆ ಹಗ್ಗ ಹಿಡಿದೇ ನಿಂತಿದ್ದರು, ಕೈ ಬಿಡಲಿಲ್ಲ. ಆದರೆ ಭಾರ ಬಿದ್ದ ಕ್ಷಣಕ್ಕೆ ಎಡ ತೊಡೆಯ ಪಟ್ಟಿ ಹರಿಯಿತು. ಒಂದು ಕಡೆಯ ಆಸರೆ ಹೋದ ಮೈ ಬುಗುರಿಯಂತೆ ತಿರುಗಿ, ಹಗ್ಗದ ಜೊತೆ ಜೀಕಿ, ಬಂಡೆಯ ಚೂಪು ಮೂಲೆಗೆ ಸೊಂಟ ಕೊಟ್ಟು ಅಪ್ಪಳಿಸಿತು. ಸೊಂಟದ ಪಟ್ಟಿ ಹಿಡಿದುಕೊಂಡಿದ್ದರಿಂದ ಜೀವ ಉಳಿಯಿತು.

ಅವಳನ್ನು ಮೊದಲು ಸಿಂಧನೂರಿಗೆ, ಅಲ್ಲಿಂದ ರಾಯಚೂರಿಗೆ ಒಯ್ದರು. ಸೊಂಟದ ಕೀಲು ಪುಡಿಯಾಗಿತ್ತು. ಆಪರೇಷನ್ ಮಾಡಿ ಲೋಹದ ಪಟ್ಟಿ ಕೂರಿಸಿದರು. ನಡೆಯಬಹುದು, ಆದರೆ ಬಂಡೆ ಹತ್ತುವ ಆಸೆ ಬಿಡಬೇಕು ಅಂದರಂತೆ ಡಾಕ್ಟರು.

ಮೂರನೆಯ ದಿನ ಮೇಡಂ ಅಂಗಡಿಗೆ ಬಂದರು. ಕೈಯಲ್ಲಿ ಬಾಯಿ ಕಟ್ಟಿದ ಚೀಲ. ಹಾರ್ನೆಸ್‌ನಲ್ಲಿ ಹೀಗೇನಾದರೂ ಆದರೆ ಯಾರೂ ಮುಟ್ಟದೆ ಹಾಗೇ ಕಟ್ಟಿಡಬೇಕಂತೆ, ಅದನ್ನವರು ಆ ಗಾಬರಿಯಲ್ಲೂ ಮರೆತಿರಲಿಲ್ಲ. ಊರವರು ಅವರ ಮೇಲೆ ಬಿದ್ದಿದ್ದರು. ರಿಬ್ಬನ್ನಿನಂಥ ಅಗ್ಗದ ಪಟ್ಟಿ ಕಟ್ಟಿ ಹೆಣ್ಣುಮಕ್ಕಳನ್ನು ಗುಡ್ಡಕ್ಕೆ ಹತ್ತಿಸಿದಳು ಎಂದು ತಾಲೂಕು ಕಚೇರಿಗೆ ಅರ್ಜಿ ಹೋಗಿತ್ತು, ಅಲ್ಲಿಯವರು ಕಲಿಸುವುದನ್ನು ನಿಲ್ಲಿಸಿದ್ದರು.

“ಬಿಚ್ಚ್ರಿ ಅಣ್ಣಾರ. ನನಗ ನೋಡಬೇಕಾಗೈತಿ,” ಅಂದರು.

ಹೊಲಿಗೆ ಬಿಚ್ಚುವ ಸಣ್ಣ ಕತ್ತಿ ತೆಗೆದುಕೊಂಡೆ. ಅವ್ವನ ಹೊಲಿಗೆ ಒಂದೊಂದೇ ಕತ್ತರಿಸಿದೆ. ಹಿಂಬದಿಯ ಮಡಿಕೆಯ ಅಡಿಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ತೂತು. ಹೊರಗಿನಿಂದ ನೋಡಿದರೆ ಬಟ್ಟೆಯ ಸುಕ್ಕು ಅನ್ನಬೇಕು, ಹಾಗಿತ್ತು. ಒಳಗೆ ಆರೂ ಪದರ ಸೀರೆ ಜೂಲುಜೂಲಾಗಿತ್ತು. ಅದರಡಿ ಪಟ್ಟಿ. ಒಂದು ಅಂಚಿನ ನಾರು ಪೂರ್ತಿ ಕಡಿದುಹೋಗಿತ್ತು, ಇನ್ನೊಂದು ಅಂಚಿನಲ್ಲಿ ನಾಲ್ಕೈದು ಎಳೆ ಉಳಿದದ್ದು ಜಗ್ಗಿ ಹರಿದಿತ್ತು. ಹಲ್ಲಿನ ಗುರುತು ಸಾಲಾಗಿ ಕಾಣುತ್ತಿತ್ತು. ಹಳೆಯ ದಪ್ಪ ಪಟ್ಟಿಯಾಗಿದ್ದರೆ ಇಲಿ ಅಷ್ಟು ಬೇಗ ದಾಟುತ್ತಿರಲಿಲ್ಲ, ಮೆತ್ತೆ ಇಲ್ಲದಿದ್ದರೆ ಅದು ಹತ್ತಿರವೇ ಸುಳಿಯುತ್ತಿರಲಿಲ್ಲ.

ಮಡಿಕೆಯ ಮೂಲೆಯಲ್ಲಿ ಒಣಗಿ ಕಪ್ಪಾದ ಎರಡು ಮೂರು ಚೂರು ಉಳಿದಿದ್ದವು. ಮೇಡಂ ಬೆರಳ ತುದಿಯಿಂದ ಒಂದನ್ನು ಎತ್ತಿದರು.

“ಇದೇನ್ರಿ ಅಣ್ಣಾರ?”

ಗೊತ್ತಿಲ್ಲ ಅನ್ನಬಹುದಿತ್ತು. ಇಲಿಗೆ ಕಾರಣ ಬೇಕೇನು, ಎಲ್ಲಿ ಬೇಕಾದರೂ ಕಡಿಯುತ್ತದೆ ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಹಿಂದೆ ಅವ್ವ ಬಂದು ನಿಂತಿದ್ದಳು. ಬಾಗಿ, ಕಣ್ಣು ಕಿರಿದು ಮಾಡಿ ಮೇಡಂ ಅಂಗೈ ನೋಡಿದಳು.

“ರೊಟ್ಟಿ ಯವ್ವಾ. ನಾ ಇಟ್ಟಿದ್ದು,” ಅಂದಳು. “ಬೆಲ್ಲಾ ತುಪ್ಪಾ ಸವರಿ ಇಟ್ಟಿದ್ದೆ. ಎಲ್ಲಾರಿಗಿಂತ ಆಕಿ ಸಣ್ಣಾಕಿ ಅಂತ ಆಕಿ ಒಬ್ಬಾಕಿಗೆ ಇಟ್ಟೆ.”

ಮೇಡಂ ಅಳಲಿಲ್ಲ, ಬೈಯಲಿಲ್ಲ. ಚೂರನ್ನು ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತುಬಿಟ್ಟರು. “ನಾನು ಬಿಚ್ಚಿ ನೋಡಬೇಕಿತ್ತು. ನನ್ನ ನಿಯಮ ನಾನೇ ಬಿಟ್ಟೆ,” ಅಂತ ಅಷ್ಟೇ ಹೇಳಿದರು.

ನಾನು ಅವತ್ತೇ ಆ ಅರ್ಜಿಗೆ ಉತ್ತರವಾಗಿ ಹೇಳಿಕೆ ಬರೆದು ಸಹಿ ಮಾಡಿ ಮೇಡಂ ಕೈಗೆ ಕೊಟ್ಟೆ. ಹಾರ್ನೆಸ್‌ನಲ್ಲಿ ದೋಷ ಇರಲಿಲ್ಲ. ಮೆತ್ತೆಯನ್ನು ಮುಚ್ಚಿ ಹೊಲಿಯುವ ಸಲಹೆ ನನ್ನದು. ತಿಂಗಳಿಗೆ ಬಿಚ್ಚುತ್ತೇನೆ ಎಂದು ಹೋಗದವನು ನಾನು. ನನ್ನ ತಾಯಿ ಇಟ್ಟ ರೊಟ್ಟಿ ಚೂರಿಗೆ ಇಲಿ ಬಂದಿದೆ. ಎಲ್ಲ ಬರೆದೆ. ಹೆಬ್ಬೆರಳಿಗೆ ಹತ್ತಿದ ಗಂಟಿನ ವಿಷಯ ಒಂದನ್ನು ಬರೆಯಲಿಲ್ಲ. ಬರೆಯುವಾಗ ಮರೆತೆ ಅಂತ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ಉಳಿದ ಏಳು ಹಾರ್ನೆಸ್‌ಗಳ ಗವಸುಗಳನ್ನೂ ಬಿಚ್ಚಿ ಪಟ್ಟಿಗಳನ್ನು ಎಳೆ ಎಳೆಯಾಗಿ ನೋಡಿದೆವು. ಒಂದಕ್ಕೂ ಏನೂ ಆಗಿರಲಿಲ್ಲ. ಆ ಹೊತ್ತಿಗೆ ಅವನ್ನು ತೊಡುವವರೇ ಇರಲಿಲ್ಲ. ಅವ್ವ ತಾನು ಹೊಲಿಯುತ್ತಿದ್ದ ಕೌದಿಯನ್ನು ಅರ್ಧಕ್ಕೇ ಸುತ್ತಿ, ಕೊಟ್ಟವರಿಗೆ ಸೀರೆ ಸಮೇತ ವಾಪಸು ಕಳಿಸಿದಳು. ಕೈ ನಡುಗುತ್ತದೆ ಅಂತ ನೆಪ ಹೇಳಿದಳು. ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಹಿಡಿದು ಕೂತಿರುತ್ತಿದ್ದಳು, ನೋಡಲಾಗುತ್ತಿರಲಿಲ್ಲ.

ಹುಡುಗಿ ಊರಿಗೆ ಬಂದಳೆಂದು ತಿಳಿದ ಮೇಲೆ ಅವ್ವ, “ನನ್ನ ಕರಕೊಂಡು ನಡಿ,” ಅಂದಳು. ಆಟೋ ಮಾಡಿಕೊಂಡು ಗೊರೇಬಾಳಕ್ಕೆ ಹೋದೆವು. ಬೆಳಗಿನ ಹತ್ತರ ಹೊತ್ತು. ಕಾಲುವೆಗೆ ನೀರು ಬಿಟ್ಟಿದ್ದರು, ಎರಡನೆಯ ಬೆಳೆಯ ನಾಟಿ ನಡೆದಿತ್ತು, ಅವಳ ತಾಯಿಯೂ ಹೊಲಕ್ಕೆ ಹೋಗಿದ್ದಳು. ಹುಡುಗಿ ಒಳಗೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕೋರ್ಸು ಹಿಂದಿನ ವಾರವೇ ಶುರುವಾಗಿತ್ತು. ಅವಳ ಸೀಟು ಬೇರೆಯವರಿಗೆ ಹೋಗಿತ್ತು.

ಅವ್ವ ಮಂಚದ ಬದಿಗೆ ನೆಲದ ಮೇಲೆ ಕೂತಳು. ಮೇಲೆ ಕೂರು ಅಂದರೂ ಕೇಳಲಿಲ್ಲ. ಕೂತಲ್ಲಿಂದಲೇ ಎಲ್ಲ ಹೇಳಿದಳು, ಒಂದನ್ನೂ ಬಿಡಲಿಲ್ಲ. ತನ್ನವ್ವನಿಂದ ಬಂದ ರೂಢಿ, ಮಗ ಬೇಡ ಅಂದದ್ದು, ಅವನಿಗೆ ಕಾಣದಂತೆ ಇಟ್ಟದ್ದು, ಯಾಕೆ ಅವಳಿಗೊಬ್ಬಳಿಗೇ ಇಟ್ಟದ್ದು. “ನಿನ್ನ ಕಾಲು ನಾ ತಿಂದೆ ಯವ್ವಾ,” ಅಂದಳು ಕೊನೆಗೆ.

ಹುಡುಗಿಗೆ ಮೇಡಂ ಮೊದಲೇ ಹೇಳಿದ್ದರೆಂದು ಕಾಣುತ್ತದೆ. ಅವಳು ಅವ್ವನ ತಲೆಯ ಮೇಲೆ ಕೈಯಿಟ್ಟಳು.

“ಅಮ್ಮಾ, ಆಗ್ಲೇ ಹೇಳಿದ್ರ ಅಲ್ಲೇ ನಾನೇ ತಿಂದುಬಿಡತಿದ್ನಲ್ಲಬೇ. ಹೊಟ್ಟಿ ಹಸಿದೇ ಹತ್ತತಿದ್ದೆ ನಾ ದಿನಾ,” ಅಂದು ನಗಲು ನೋಡಿದಳು. ನಗು ಬರಲಿಲ್ಲ. ಇಬ್ಬರೂ ಅತ್ತರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಸ್ವಲ್ಪ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

“ಅಣ್ಣಾ, ನೀವು ಎಲ್ಲಾ ಹೊಲಿಗಿ ಬೆರಳಿಂದ ನೋಡೇ ಕೊಡತೀರಿ ಅಂತಿದ್ರು ಮೇಡಂ. ಇದು ಕೈಗೆ ಹತ್ತಲಿಲ್ಲೇನ್ರಿ?”

ನಾನು ಬಾಯಿ ತೆಗೆಯುವ ಮೊದಲೇ ಅವ್ವ ಅಡ್ಡ ಬಂದಳು. “ಅವನಿಗೆ ಗೊತ್ತಿರಲಿಲ್ಲವ್ವಾ. ನಾ ಕದ್ದು ಇಟ್ಟಿದ್ದೆ. ಅವನ ತಪ್ಪಿಲ್ಲ ಇದ್ರಾಗ.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಎಪ್ಪತ್ತು ದಾಟಿದ ಮುದುಕಿ ನೆಲದ ಮೇಲೆ ಕೂತು ನನ್ನ ಪಾಲನ್ನೂ ತನ್ನ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ನನ್ನಿಂದ ಆಗಲಿಲ್ಲ.

“ಗೊತ್ತಿತ್ತು ತಂಗಿ. ಕೈಗೆ ಹತ್ತಿತ್ತು,” ಅಂದೆ. “ರೊಟ್ಟಿ ಅಂತನೂ ಗೊತ್ತಿತ್ತು. ಅವ್ವ ನೊಂದುಕೊಂಡಾಳು ಅಂತ ಬಿಚ್ಚಲಿಲ್ಲ.”

ಅವ್ವ ತಿರುಗಿ ನನ್ನನ್ನು ನೋಡಿದಳು. ಆ ನೋಟಕ್ಕೆ ಹೆಸರಿಡಲು ನನಗೆ ಬರುವುದಿಲ್ಲ. ಹುಡುಗಿ ತನ್ನ ಕಾಲು ನೋಡಿಕೊಂಡಳು. ಅದರ ಮೇಲಿದ್ದ ಹೊದಿಕೆಯನ್ನು ಸರಿಮಾಡಿಕೊಂಡಳು. ಆಮೇಲೆ ಕತ್ತೆತ್ತದೆ, ದನಿ ಏರಿಸದೆ ಹೇಳಿದಳು.

“ನೀವು ಹೊರಗ ಹೋಗ್ರಿ ಅಣ್ಣಾ. ಅಮ್ಮ ಇರ್ಲಿ.”

ಹೊರಗೆ ಬಂದು ಕಟ್ಟೆಯ ಹತ್ತಿರ ನಿಂತೆ. ಒಳಗೆ ಅವರಿಬ್ಬರ ಮಾತು ಸಣ್ಣಗೆ ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಆಟೋದವನು ಎರಡು ಸಲ ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿ ಹೋದ. ಒಳಗಿನಿಂದ ನನ್ನನ್ನು ಯಾರೂ ಕರೆಯಲಿಲ್ಲ.